ಹಾಸಿಗೆಯ ಕಿವಿ

ಆ ಮನೆಯಲ್ಲಿ ಎಲ್ಲದರ ಬಗ್ಗೆಯೂ ದೂರಿತ್ತು. ಹಾಸಿಗೆಯ ಬಗ್ಗೆ ಮಾತ್ರ ಇರಲಿಲ್ಲ.

ಸೊಸೆಗೆ ಹಿತ್ತಲಿನ ನಲ್ಲಿಯ ಬಗ್ಗೆ ದೂರು, ಮಾವನಿಗೆ ಸೊಸೆ ಮಾಡುವ ಚಹಾದ ಬಗ್ಗೆ ದೂರು, ಮಗನಿಗೆ ಇವರೆಲ್ಲರ ದೂರಿನ ಬಗ್ಗೆ ದೂರು. ಆದರೆ ಅಜ್ಜಿ ಹೊಲಿದ ಹಾಸಿಗೆಯ ಮೇಲೆ ಬೆನ್ನು ಊರಿದ ಮೇಲೆ ಯಾರಿಗೂ ಜಗಳ ಮುಂದುವರಿಸುವ ಮನಸ್ಸಾಗುತ್ತಿರಲಿಲ್ಲ. ಬೀದಿಯವರು ಅವಳನ್ನು ಕರೆಯುತ್ತಿದ್ದುದೇ ಮೆತ್ತೆಯಜ್ಜಿ ಎಂದು. ಯಾರ ಮನೆಯಲ್ಲಾದರೂ ಮದುವೆಯಾದರೆ, ಮಗು ಹುಟ್ಟಿದರೆ, ಕಾಲು ಮುರಿದುಕೊಂಡು ಯಾರಾದರೂ ಮಲಗಿದರೆ ಅಲ್ಲಿಗೆ ಅವಳ ಕೈಯದೊಂದು ಹಾಸಿಗೆ ಹೋಗಲೇಬೇಕು. ದುಡ್ಡು ಮುಟ್ಟುತ್ತಿರಲಿಲ್ಲ. "ಮಲಗಿ ಎದ್ದು ಚೆನ್ನಾಗಿತ್ತು ಅನ್ನಿ, ಸಾಕು" ಎನ್ನುತ್ತಿದ್ದಳು. ಹಾಗೆ ಹೇಳದವರನ್ನು ಕಂಡರೆ ತಿಂಗಳುಗಟ್ಟಲೆ ಮುಖ ತಿರುಗಿಸುತ್ತಿದ್ದಳು.

ಹಾಸಿಗೆಯ ಬಟ್ಟೆ ಬರುತ್ತಿದ್ದುದು ಕಾರ್ಖಾನೆಯಿಂದ. ಬೀದಿಯ ಕೊನೆಯಲ್ಲಿ, ಎತ್ತರದ ಗೋಡೆಯ ಆಚೆ, ಹಳೆಯ ಬ್ಯಾಟರಿಗಳನ್ನು ಒಡೆದು ಸೀಸ ಕರಗಿಸುವ ಕಾರ್ಖಾನೆ. ಕುಲುಮೆಯ ಹೊಗೆ ಚಿಮಣಿಗೆ ಹೋಗುವ ಮೊದಲು ಆಳೆತ್ತರದ ಬಟ್ಟೆಯ ಚೀಲಗಳೊಳಗಿಂದ ಹಾಯುತ್ತದೆ. ಸೀಸದ ಬೂದಿ ಚೀಲದಲ್ಲಿ ನಿಲ್ಲುತ್ತದೆ, ನಿಲ್ಲದೆ ಉಳಿದದ್ದು ಬೀದಿಯ ಪಾಲಿಗೆ. ಸವೆದ ಚೀಲಗಳನ್ನು ಇಳಿಸಿ ಹಿಂದಿನ ಗುಂಡಿಯಲ್ಲಿ ಹೂಳಬೇಕೆಂಬುದು ಅಲ್ಲಿಯ ನಿಯಮ. ಆದರೆ ಬಟ್ಟೆ ಬಲು ಚೆನ್ನ, ಕಂಬಳಿಯಷ್ಟು ದಪ್ಪ, ಕೈಗೆ ಮೆದು, ಎಳೆದರೂ ಹರಿಯದು. ಹೂಳಲು ಯಾರಿಗೆ ಮನಸ್ಸು ಬರುತ್ತದೆ? ಕುಲುಮೆಯಲ್ಲಿ ಕೆಲಸ ಮಾಡುವ ಮಗ, ಚೀಲ ಬದಲಿಸಿದಾಗಲೆಲ್ಲ ಒಂದೆರಡನ್ನು ಸುತ್ತಿ ಕಂಕುಳಲ್ಲಿ ಇರುಕಿಕೊಂಡು ಬರುತ್ತಿದ್ದ. ಗೇಟಿನಲ್ಲಿ ಕಾವಲಿದ್ದವನು ಅವನ ಅಪ್ಪನೇ. ಮಗ ಬರುವುದು ಕಂಡರೆ ಆಕಾಶ ನೋಡುತ್ತಿದ್ದ. ಅಪ್ಪ ನಿವೃತ್ತನಾದ ಮೇಲೆ ಬಂದ ಕಾವಲುಗಾರನ ಮನೆಗೂ ಒಂದು ಹಾಸಿಗೆ ಹೋಗಿತ್ತಾದ್ದರಿಂದ ಅವನೂ ಆಕಾಶ ನೋಡುವುದನ್ನು ಕಲಿತಿದ್ದ.

ಸೊಸೆ ಕೆಲಸಕ್ಕೆ ಹೋದ ಹೊತ್ತಿನಲ್ಲಿ ಅಜ್ಜಿ ಚೀಲಗಳನ್ನು ಹಿತ್ತಲಲ್ಲಿ ಕೊಡವಿ, ಸೋಪು ಹಾಕಿ ಮೂರು ನೀರಿನಲ್ಲಿ ತೊಳೆದು, ಆ ನೀರನ್ನು ಸೊಪ್ಪಿನ ಮಡಿಗೆ ಚೆಲ್ಲುತ್ತಿದ್ದಳು. ಒಣಗಿದ ಮೇಲೆ ಹೊಸ್ತಿಲಲ್ಲಿ ಕಾಲು ಚಾಚಿ ಕೂತು, ದಾರದ ತುದಿಯನ್ನು ತುಟಿಯಲ್ಲಿ ಒದ್ದೆ ಮಾಡಿ ಸೂಜಿಗೆ ಪೋಣಿಸಿ, ಹೊಲಿಯುತ್ತಾ ಬೀದಿಯ ಸಮಾಚಾರವನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದಳು. ಬಟ್ಟೆ ಎಲ್ಲಿಯದೆಂದು ಸೊಸೆಯಾಗಲಿ ಬೀದಿಯವರಾಗಲಿ ಕೇಳಿದರೆ ಸಂತೆಯಲ್ಲಿ ಸಿಕ್ಕಿದ್ದು ಎನ್ನುತ್ತಿದ್ದಳು.

ಮೊಮ್ಮಗಳ ಹಾಸಿಗೆಯ ಮೇಲೆ ಅವಳಿಗೆ ವಿಶೇಷ ಅಕ್ಕರೆ. ಅದರ ನಾಲ್ಕು ಮೂಲೆಗೂ ಅದೇ ಬಟ್ಟೆಯ ಒಂದೊಂದು ಪುಟ್ಟ ಕಿವಿ. ಹಲ್ಲು ಬರುವಾಗ ಮಗು ಕಚ್ಚಲಿ ಎಂದು ಹೊಲಿದದ್ದು. ಮಗು ಈಗ ಶಾಲೆಗೆ ಹೋಗುವ ಹುಡುಗಿ. ಎದ್ದಾಗಿನಿಂದ ಬಾಯಿ ಮುಚ್ಚದವಳೆಂದು ತಾತ ಅವಳಿಗೆ ಗಿಣಿ ಎಂದು ಹೆಸರಿಟ್ಟಿದ್ದ. ಮಲಗಿದ ಮೇಲೂ ಹಾಸಿಗೆಯ ಕಿವಿಯಲ್ಲಿ ಆ ದಿನದ ಗುಟ್ಟುಗಳನ್ನೆಲ್ಲ ಹೇಳಿ, ಆಮೇಲೆ ಅದೇ ಕಿವಿಯನ್ನು ಚೀಪುತ್ತಾ ನಿದ್ದೆ ಹೋಗುತ್ತಿದ್ದಳು.

ಆ ಗಿಣಿ ಬರಬರುತ್ತಾ ಮಾತು ಕಡಿಮೆ ಮಾಡಿದಳು. ತಟ್ಟೆಯ ಮುಂದೆ ಕೂತರೆ ತುತ್ತು ಬಾಯಿಗೆ ಹೋಗದು.

"ಯಾಕೆ ತಿನ್ನಲ್ಲ?" ಎಂದು ಸೊಸೆ ಕೇಳುತ್ತಿದ್ದಳು. ಬೇಕರಿಯಲ್ಲಿ ಬ್ರೆಡ್ ಪ್ಯಾಕ್ ಮಾಡುವ ಕೆಲಸ ಅವಳದು; ಬೆಳಗಿನ ಪಾಳಿಗೆ ತಡವಾದರೆ ಮೇಸ್ತ್ರಿಯ ಬಾಯಿಗೆ ಬೀಳಬೇಕು.

"ಹೊಟ್ಟೆ ನೋವು."

"ಶಾಲೆ ಹೊತ್ತಿಗೆ ಸರಿಯಾಗಿ ಬರುತ್ತಲ್ಲ ನಿನ್ನ ಹೊಟ್ಟೆನೋವು, ಗಡಿಯಾರ ನೋಡ್ಕೊಂಡು."

"ಮಗೂನ ಯಾಕೆ ಹಂಗಿಸ್ತೀಯ?" ಎಂದು ಅಜ್ಜಿ ಅಡ್ಡ ಬಂದಳು. "ಬಾ ಕಂದ, ಅಜ್ಜಿ ತಿನ್ನಿಸ್ತಾಳೆ. ನಮ್ಮ ಹಿತ್ತಲ ಸೊಪ್ಪು, ನೋಡು ಎಷ್ಟು ಎಳೇದು."

"ನೀವು ಹೀಗೆ ಮುದ್ದು ಮಾಡೇ ಅವಳು ಹಾಳಾಗಿದ್ದು ಅತ್ತೆ. ಟೀಚರ್ ಏನಂದ್ರು ಗೊತ್ತಾ? ಹೋದ ವರ್ಷ ಬರ್ತಿದ್ದ ಅಕ್ಷರ ಈ ವರ್ಷ ಮರೀತಾಳಂತೆ."

"ನನಗೂ ಮರೆವು," ಎಂದ ತಾತ. "ಹಾಗಂತ ನನ್ನ ಮೇಲೆ ಯಾರಾದ್ರೂ ಬಾಯಿ ಮಾಡ್ತಾರಾ?"

"ನಿಮಗೆ ಚಹಾದ ಹೊತ್ತು ಒಂದು ಮರೆಯಲ್ವಲ್ಲ ಮಾವ."

ಗಿಣಿ ನಗಲಿಲ್ಲ. ಮೊದಲಾಗಿದ್ದರೆ ತಾತನ ಪರ ವಾದಿಸುತ್ತಿದ್ದಳು.

ಶಾಲೆಯಲ್ಲಿ ಮಕ್ಕಳ ರಕ್ತ ಪರೀಕ್ಷೆ ನಡೆಯಿತು. ಕೆಲವು ದಿನಗಳ ಮೇಲೆ ಆರೋಗ್ಯ ಕೇಂದ್ರದ ನರ್ಸ್ ಮನೆ ಹುಡುಕಿಕೊಂಡು ಬಂದಳು. ಭಾನುವಾರ, ಎಲ್ಲರೂ ಮನೆಯಲ್ಲೇ ಇದ್ದರು. ನರ್ಸ್ ಕುರ್ಚಿಯ ತುದಿಯಲ್ಲಿ ಕೂತು, ಹುಡುಗಿಯ ರಕ್ತದಲ್ಲಿ ಸೀಸ ಇರಬಾರದಷ್ಟು ಇದೆ ಎಂದಳು. ಹೊಟ್ಟೆನೋವು, ಮರೆವು, ಸಿಡುಕು ಎಲ್ಲದಕ್ಕೂ ಅದೇ ಕಾರಣವಿರಬಹುದು. ಮೊದಲು ಅದು ಒಳಗೆ ಹೋಗುವ ದಾರಿ ಮುಚ್ಚಬೇಕು. ಹೀಗೇ ಬಿಟ್ಟರೆ ಕಳೆದುಕೊಂಡದ್ದು ತಿರುಗಿ ಬರುತ್ತದೆಂದು ಹೇಳಲಾಗದು.

ಸೊಸೆ ಮಗಳನ್ನು ಎಳೆದು ತೊಡೆಯ ಮೇಲೆ ಕೂರಿಸಿಕೊಂಡಳು. ದಿನಾ ಬೆಳಗ್ಗೆ ಆ ಹೊಟ್ಟೆನೋವನ್ನು ಹಂಗಿಸಿದ್ದು ನೆನಪಾಗಿ ಅವಳಿಗೆ ತಲೆ ಎತ್ತಲಾಗಲಿಲ್ಲ.

"ಕಾರ್ಖಾನೆಯಿಂದ ಮನೆಗೆ ಏನಾದ್ರೂ ತರ್ತೀರಾ?" ಎಂದು ನರ್ಸ್ ಮಗನನ್ನು ಕೇಳಿದಳು. "ಡಬ್ಬ, ಗೋಣಿ, ಬಟ್ಟೆ, ಏನೇ ಆಗ್ಲಿ."

ಮಗ ಅಪ್ಪನ ಮುಖ ನೋಡಿದ. ಅಪ್ಪ ಸೂರು ನೋಡಿದ.

"ಸಂಬಳ ತರ್ತೀನಿ," ಎಂದ ಮಗ. "ಅದೂ ಬಾಗಿಲು ದಾಟೋ ಹೊತ್ತಿಗೆ ಖಾಲಿ."

ತಾತ ನಕ್ಕ. ನರ್ಸೂ ನಕ್ಕಳು. ಅಜ್ಜಿ ಚಹಾ ಮಾಡುತ್ತೇನೆಂದು ಒಳಗೆ ಹೋದಳು.

ಸುಳ್ಳು ಹೇಳಿದೆ ಎಂದು ಆ ಕ್ಷಣ ಮಗನಿಗೆ ಅನಿಸಲಿಲ್ಲ. ತಂದದ್ದು ಗೊತ್ತಾದರೆ ಕಳ್ಳತನವಾಗುತ್ತದೆ, ಕೆಲಸ ಹೋಗುತ್ತದೆ, ಅಪ್ಪನ ಪಿಂಚಣಿಗೂ ಕಲ್ಲು ಬೀಳುತ್ತದೆ. ಅವನ ತಲೆಗೆ ಬಂದದ್ದು ಅಷ್ಟೇ. ಅಮ್ಮ ತೊಳೆದ ಬಟ್ಟೆ ಬೇರೆ. ತೊಳೆದದ್ದರಲ್ಲಿ ಏನು ಉಳಿದೀತು?

ಸೊಸೆ ಅಂದಿನಿಂದಲೇ ಸೆರಗು ಕಟ್ಟಿ ನಿಂತಳು. ಗಂಡ ಮನೆಯೊಳಗೆ ಕಾಲಿಡುವ ಮೊದಲು ಹಿತ್ತಲ ನಲ್ಲಿಯ ಕೆಳಗೆ ಸ್ನಾನ ಮಾಡಬೇಕು. ಅವನ ಬಟ್ಟೆಗೆ ಬೇರೆ ಬಕೆಟ್ಟು. ಚಪ್ಪಲಿ ಗೇಟಿನಾಚೆ. ನೆಲ ಗುಡಿಸುವಂತಿಲ್ಲ, ಒದ್ದೆ ಬಟ್ಟೆಯಲ್ಲಿ ಒರೆಸಬೇಕು.

"ನನ್ನನ್ನೂ ಒರೆಸಿಬಿಡೆ," ಎಂದ ಮಗ, ಚಳಿಯಲ್ಲಿ ನಡುಗುತ್ತಾ.

"ಒರೆಸಿದ್ರೆ ಹೋಗೋ ಹಾಗಿದ್ರೆ ಒರೆಸ್ತಿದ್ದೆ. ಕಿವಿ ಹಿಂದೆ ಉಜ್ಜಿ."

ಅಜ್ಜಿಯ ಸೊಪ್ಪಿನ ಮಡಿಯನ್ನು ಸೊಸೆ ಬುಡಸಮೇತ ಕಿತ್ತಳು. ಅಜ್ಜಿ ನೋಡುತ್ತಾ ನಿಂತಿದ್ದಳು, ಒಂದು ಮಾತೂ ಆಡಲಿಲ್ಲ. ಅದು ಅವಳ ಸ್ವಭಾವವೇ ಅಲ್ಲ. ಒಂದು ಎಲೆ ಕೇಳದೆ ಕಿತ್ತವರಿಗೆ ಗ್ರಹಚಾರ ಬಿಡಿಸುತ್ತಿದ್ದವಳು. ತಾತ ಗಮನಿಸಿದ. ಮಗನೂ ಗಮನಿಸಿದ. ಇಬ್ಬರೂ ಸುಮ್ಮನಾದರು.

ಎಲ್ಲಕ್ಕಿಂತ ಕಟ್ಟುನಿಟ್ಟಿನ ಆಜ್ಞೆ ಗಿಣಿಗೆ. ಅಂಗಳದ ಮಣ್ಣು ಮುಟ್ಟುವಂತಿಲ್ಲ, ಬೀದಿಯಲ್ಲಿ ಆಡುವಂತಿಲ್ಲ, ಶಾಲೆಯಿಂದ ಬಂದರೆ ಕೈಕಾಲು ತೊಳೆದು ಒಳಗೇ ಇರಬೇಕು.

"ಒಳಗೆ ಎಲ್ಲಿರ್ಲಿ?" ಎಂದು ಹುಡುಗಿ ಕೇಳಿದಳು.

"ನಿನ್ನ ಹಾಸಿಗೆ ಮೇಲೆ. ಪುಸ್ತಕ ಅಲ್ಲೇ, ತಿಂಡಿ ಅಲ್ಲೇ. ಕಿಟಕಿ ತೆಗೀಬೇಡ."

ಹೀಗೆ ಅವರು ಮಗುವನ್ನು ಬೀದಿಯ ಧೂಳಿನಿಂದ ಬಿಡಿಸಿ ಆ ಹಾಸಿಗೆಯ ಮೇಲೆ ಕೂರಿಸಿದರು. ಹುಡುಗಿ ಬೇಸರವಾದಾಗಲೆಲ್ಲ ಕಿವಿ ಚೀಪಿದಳು. ಅಮ್ಮ ಕೊಡುವ ಹಾಲು, ಮೊಟ್ಟೆ, ನರ್ಸ್ ಕೊಟ್ಟ ಔಷಧಿ ಎಲ್ಲವನ್ನೂ ಅದರ ಮೇಲೆಯೇ ಕೂತು ನುಂಗಿದಳು. ಸೊಸೆ ಬೇಕರಿಯಿಂದ ಬಂದು ಆ ದೃಶ್ಯ ನೋಡಿದರೆ ಅವಳಿಗೆ ಸಮಾಧಾನ. "ಅತ್ತೆ, ನೀವೊಬ್ಬರು ಇದೀರಿ ಅಂತ ನಾನು ಕೆಲಸಕ್ಕೆ ಹೋಗೋಕಾಗುತ್ತೆ" ಎಂದು ಒಮ್ಮೆ ಹೇಳಿದಳು. ಇಷ್ಟು ವರ್ಷದಲ್ಲಿ ಅವಳು ಅಂಥ ಮಾತು ಆಡಿದ್ದೇ ಇಲ್ಲ.

ಮತ್ತೊಮ್ಮೆ ರಕ್ತ ತೆಗೆದು ನೋಡಿದಾಗ ಸೀಸ ಇಳಿದಿರಲಿಲ್ಲ. ಏರಿತ್ತು.

ನರ್ಸ್ ಮನೆಯನ್ನೆಲ್ಲ ಸುತ್ತಿದಳು. ನಲ್ಲಿ ನೋಡಿದಳು, ಗೋಡೆಯ ಬಣ್ಣ ಕೆರೆದು ನೋಡಿದಳು, ಪಾತ್ರೆ ತಿರುವಿ ನೋಡಿದಳು. "ಇಷ್ಟು ಚೊಕ್ಕಟ ಮನೆ ಈ ಬೀದಿಯಲ್ಲೇ ಇಲ್ಲ," ಎಂದಳು. ಗಿಣಿಯ ಹಾಸಿಗೆಯ ಮೇಲೆಯೇ ಕೂತು ಹೇಳಿದಳು.

ಅಜ್ಜಿ ಚಹಾ ತಂದಳು. ಲೋಟ ಅವಳ ಬಲಗೈಯಿಂದ ಜಾರಿ ಬಿತ್ತು.

"ಈ ಕೈಗೆ ಏನಾಯ್ತು?" ನರ್ಸ್ ಅವಳ ಮುಂಗೈ ಹಿಡಿದು ಎತ್ತಿ ಬಿಟ್ಟಳು. ಅಂಗೈ ಬಾಡಿದ ಎಲೆಯಂತೆ ಕೆಳಗೆ ಜೋತುಬಿತ್ತು.

"ವಯಸ್ಸು. ಇತ್ತೀಚೆಗೆ ಸೂಜಿನೂ ನಿಲ್ಲಲ್ಲ."

"ವಯಸ್ಸಿಗೆ ಹೀಗಾಗಲ್ಲ ಅಜ್ಜಿ. ಸೀಸ ಕರಗಿಸೋ ಹಳೇ ಕೆಲಸಗಾರರ ಕೈ ಹೀಗಿರೋದು ನೋಡಿದೀನಿ. ನೀವು ಯಾವತ್ತಾದ್ರೂ ಕುಲುಮೆ ಕೆಲಸಕ್ಕೆ ಹೋಗಿದ್ರಾ?"

"ನಾನಾ? ನಾನು ಹೊಸ್ತಿಲು ದಾಟಿದವಳೇ ಅಲ್ಲ," ಎಂದಳು ಅಜ್ಜಿ. ತುಟಿಯಲ್ಲಿ ಒದ್ದೆ ಮಾಡಿದ ದಾರಗಳೆಲ್ಲ ಅವಳಿಗೆ ಆಗ ನೆನಪಾದವು. ನರ್ಸ್ ಅವಳ ರಕ್ತವನ್ನೂ ತೆಗೆದುಕೊಂಡು ಹೋದಳು.

ಮಧ್ಯಾಹ್ನ ತಾತ ಅಜ್ಜಿ ಇಬ್ಬರೇ ಇದ್ದಾಗ ಅಜ್ಜಿ ಬಟಾಣಿ ಸುಲಿಯುತ್ತಾ ಬಾಯಿ ತೆಗೆದಳು.

"ಏನೂಂದ್ರೆ, ಅದು ಹಾಸಿಗೆಯಿಂದಾನೇ."

"ನಿನಗೆ ಹೇಗೆ ಗೊತ್ತು? ನೀನೇನು ಡಾಕ್ಟರಾ?"

"ನನ್ನ ಕೈ ಹೇಳ್ತಿದೆ."

ತಾತ ಉರುಳಿದ ಬಟಾಣಿಯೊಂದನ್ನು ಹೆಕ್ಕಿ ಪಾತ್ರೆಗೆ ಹಾಕಿದ. "ನೀನು ಮೂರು ನೀರಲ್ಲಿ ತೊಳೀತಿದ್ದೆಯಲ್ಲ."

"ತೊಳೆದ ನೀರು ಎಲ್ಲಿಗೆ ಹಾಕ್ತಿದ್ದೆ? ಸೊಪ್ಪಿಗೆ. ಸೊಪ್ಪು ಯಾರಿಗೆ ತಿನ್ನಿಸ್ತಿದ್ದೆ?"

"ಮೆಲ್ಲಗೆ ಮಾತಾಡು."

"ಯಾರಿದಾರೆ ಕೇಳೋಕೆ? ನೀವು ಗೇಟಲ್ಲಿ ಒಂದು ಸಲ ತಡೆದಿದ್ರೆ…"

"ಓಹೋ, ಈಗ ನನ್ನ ತಲೆಗೆ ಕಟ್ಟು. ಇನ್ನೆರಡು ಚೀಲ ತರೋಕೆ ಹೇಳಿ ಅಂತ ದಿನಾ ಪ್ರಾಣ ತಿಂದವಳು ಯಾರು?" ಎಂದು ರೇಗಿದ ತಾತ ಕೂಡಲೇ ದನಿ ತಗ್ಗಿಸಿದ. "ನೋಡು, ಬಾಯಿ ಬಿಟ್ರೆ ಮಗನ ಕೆಲಸ ಹೋಗುತ್ತೆ. ಬೀದಿಯಲ್ಲಿ ಯಾರ ಮನೇಲಿ ನಿನ್ನ ಹಾಸಿಗೆ ಇಲ್ಲ ಹೇಳು. ಎಲ್ಲಾ ಸೇರಿ ನಮ್ಮನ್ನ ಉಳಿಸ್ತಾರಾ? ಹಾಸಿಗೆ ಹಳೇದಾಯ್ತು ಅಂತ ಹೇಳಿ ಮೆಲ್ಲಗೆ ತೆಗೆದುಬಿಡು. ಯಾರಿಗೂ ಗೊತ್ತಾಗಲ್ಲ."

ಅವಳಿಗೆ ಅದು ಸರಿ ಎನಿಸಿತು. ಸರಿ ಎನಿಸಿದ್ದಕ್ಕೇ ಆಮೇಲೆ ಅವಳು ತನ್ನನ್ನು ತಾನು ಹೆಚ್ಚು ಶಪಿಸಿಕೊಂಡಳು. ಸಂಜೆ ಹಾಸಿಗೆ ಎತ್ತಲು ಹೋದಳು. ಗಿಣಿ ಅದರ ಮೇಲೆ ಬಿದ್ದು, ಎರಡು ಕಿವಿಗಳನ್ನೂ ಮುಷ್ಟಿಯಲ್ಲಿ ಹಿಡಿದು ಕೂಗಿ ಅತ್ತಳು. ಸೊಸೆ ಓಡಿ ಬಂದು, "ಇರಲಿ ಬಿಡಿ ಅತ್ತೆ, ಆಟ ಕಿತ್ಕೊಂಡಿದೀವಿ, ಬೀದಿ ಕಿತ್ಕೊಂಡಿದೀವಿ, ಹಾಸಿಗೆನೂ ಯಾಕೆ?" ಎಂದಳು. ಅಜ್ಜಿ ಕೈ ಬಿಟ್ಟಳು. ನಾಳೆ ತೆಗೆದರಾಯಿತು ಎಂದುಕೊಂಡಳು. ಆ ನಾಳೆ ವಾರವಾಯಿತು.

ಆ ವಾರವೆಲ್ಲ ಮನೆಯಲ್ಲಿ ಜಗಳ ನಿಲ್ಲಲಿಲ್ಲ. ಸೊಸೆಯ ಪ್ರಕಾರ ತಪ್ಪೆಲ್ಲ ಗಂಡನ ಮೈಯದು.

"ಕೆಲಸ ಬಿಡಿ."

"ಬಿಟ್ಟು? ಎಲ್ಲರೂ ನಿನ್ನ ಬೇಕರಿ ಬ್ರೆಡ್ ತುಂಡು ಆರಿಸ್ಕೊಂಡು ತಿನ್ನೋಣವಾ?"

"ಮಗಳಿಗಿಂತ ಹೆಚ್ಚಾ ನಿಮಗೆ ಕುಲುಮೆ?"

"ನಾನು ದಿನಾ ಬೀದಿನಾಯಿ ಥರ ಹಿತ್ತಲಲ್ಲಿ ನೆನೀತಿದೀನಿ. ಇನ್ನೇನು ಮಾಡ್ಲಿ, ಚರ್ಮ ಸುಲಿದು ಗೇಟಲ್ಲಿ ನೇತು ಹಾಕಿ ಬರ್ಲಾ?"

ಅವನಿಗೂ ಅಷ್ಟು ಹೊತ್ತಿಗೆ ಗೊತ್ತಿತ್ತು. ಅಮ್ಮನ ಕೈ ನೋಡಿದ್ದ. ಸತ್ಯ ಗಂಟಲವರೆಗೆ ಬಂದಾಗಲೆಲ್ಲ ದನಿ ಏರಿಸುತ್ತಿದ್ದ. ತಪ್ಪು ಮಾಡಿದವನು ಕೂಗಿದಷ್ಟು ತಪ್ಪಿಲ್ಲದವನು ಎಲ್ಲಿ ಕೂಗುತ್ತಾನೆ?

ಕೊನೆಗೆ ಸೊಸೆ ತವರಿಗೆ ಹೊರಟಳು. ಅಲ್ಲಿ ಕಾರ್ಖಾನೆ ಇಲ್ಲ, ಹೊಗೆ ಇಲ್ಲ, ಮಗಳು ಸುಧಾರಿಸಿದ ಮೇಲೆ ನೋಡೋಣ ಎಂದಳು. ಬಟ್ಟೆ ತುಂಬಿದಳು, ಪುಸ್ತಕ ತುಂಬಿದಳು, ಆಮೇಲೆ ಗಿಣಿಯ ಹಾಸಿಗೆಯನ್ನು ಸುತ್ತಿ ಹಗ್ಗದಿಂದ ಬಿಗಿಯಾಗಿ ಕಟ್ಟಿದಳು.

"ಅದು ಯಾಕೆ, ಭಾರ," ಎಂದಳು ಅಜ್ಜಿ.

"ಇದಿಲ್ಲದೆ ಅವಳಿಗೆ ನಿದ್ದೆ ಬರಲ್ಲ. ಬಸ್ಸಿನ ಮೇಲೆ ಹಾಕಿಸ್ತೀನಿ." ಸೊಸೆ ಬಗ್ಗಿ ಅತ್ತೆಯ ಜೋತುಬಿದ್ದ ಕೈಯನ್ನು ಹಿಡಿದುಕೊಂಡಳು. "ನಿಮ್ಮ ಮೇಲೆ ನನಗೆ ಕೋಪ ಇಲ್ಲ ಅತ್ತೆ. ಮುದ್ದು ಮಾಡಿ ಕೆಡಿಸಿದ್ರಿ ಅಂತೆಲ್ಲ ಅಂದೆ, ಮನಸ್ಸಿಗೆ ಹಚ್ಕೋಬೇಡಿ. ಈ ಮನೇಲಿ ನನ್ನ ಮಗೂಗೆ ಒಳ್ಳೇದು ಮಾಡಿದೋರು ನೀವೊಬ್ಬರೇ."

ಅಜ್ಜಿ ಬಸ್ ನಿಲ್ದಾಣದವರೆಗೆ ಹೋದಳು. ಹಾಸಿಗೆಯನ್ನು ತಲೆಯ ಮೇಲೆ ಹೊತ್ತವನು ಮಗ. ಬಸ್ ಬಂತು. ಕಂಡಕ್ಟರ್ ಹಾಸಿಗೆಗೆ ಕೈ ಚಾಚಿದ. ಅಜ್ಜಿ ಮುಂದೆ ಹೋಗಿ ಹಗ್ಗ ಹಿಡಿದುಕೊಂಡಳು.

"ಇದು ಬೇಡ."

"ಬೇಗ ಅಜ್ಜಿ, ಹೊತ್ತಾಯ್ತು," ಎಂದ ಕಂಡಕ್ಟರ್.

"ಇದು ಕಾರ್ಖಾನೆ ಚೀಲ ಕಣೇ," ಎಂದಳು ಅಜ್ಜಿ ಸೊಸೆಯ ಕಡೆ ತಿರುಗಿ. "ಹೊಗೆ ಸೋಸೋ ಚೀಲ. ಸೀಸದ ಬೂದಿ ನಿಲ್ಲೋದೇ ಇದರಲ್ಲಿ. ಇವನು ತಂದ, ಅವರು ಗೇಟಲ್ಲಿ ಬಿಟ್ರು, ನಾನು ಹೊಲಿದೆ. ಮಗು ಬಾಯಿಗೆ ಕಿವಿ ಹೊಲಿದು ಕೊಟ್ಟವಳೂ ನಾನೇ."

ನಿಲ್ದಾಣದಲ್ಲಿ ಬೀದಿಯ ನಾಲ್ಕು ಜನ ಇದ್ದರು. ಎಲ್ಲರ ಮನೆಯಲ್ಲೂ ಅವಳ ಹಾಸಿಗೆ ಇತ್ತು.

ಸೊಸೆ ಮೊದಲು ಗಂಡನ ಮುಖ ನೋಡಿದಳು. ಅವನು ಅಪ್ಪನಂತೆಯೇ ಆಕಾಶ ನೋಡಿದ. ಅವಳು ಅತ್ತೆಯನ್ನು ಕೇಳಿದಳು, ಮೆಲ್ಲಗೆ:

"ಅವತ್ತು ನರ್ಸ್ ಕೇಳಿದ್ರಲ್ಲ, ಏನಾದ್ರೂ ತರ್ತೀರಾ ಅಂತ. ಆಗ ನೀವೆಲ್ಲಿದ್ರಿ?"

"ಒಳಗೆ. ಚಹಾ ಮಾಡ್ತಿದ್ದೆ."

"ಕೇಳಿಸಿತ್ತಾ?"

"ಕೇಳಿಸಿತ್ತು."

ಸೊಸೆ ಮಗಳನ್ನು ಎತ್ತಿಕೊಂಡು ಬಸ್ ಹತ್ತಿದಳು. ಗಿಣಿ ಕಿಟಕಿಯಿಂದ ಹಾಸಿಗೆಯನ್ನು ನೋಡಿದಳೇ ಹೊರತು ಈ ಸಲ ಅಳಲಿಲ್ಲ. ಅಳದಿರುವುದು ಅಜ್ಜಿಗೆ ವಿಚಿತ್ರವೆನಿಸಿತು. ಮಗುವೂ ತನ್ನ ಮೇಲೆ ಮುನಿಸಿಕೊಂಡಿದೆ ಎಂದುಕೊಂಡಳು.

ಸುದ್ದಿ ಅವರು ಮನೆ ಮುಟ್ಟುವ ಮೊದಲೇ ಬೀದಿ ಮುಟ್ಟಿತ್ತು. ಮಾರನೆಯ ದಿನ ಅಜ್ಜಿ ತಳ್ಳುಗಾಡಿ ಬಾಡಿಗೆಗೆ ತರಿಸಿದಳು. ಮಗ ತಳ್ಳಿದ, ಅವಳು ಒಂದೊಂದೇ ಬಾಗಿಲು ತಟ್ಟಿದಳು. ಕೆಲವರು ಮಾತಿಲ್ಲದೆ ಹಾಸಿಗೆಯನ್ನು ಹೊರಗೆ ಎಸೆದರು. ಕೆಲವರು ಬಾಯಿಗೆ ಬಂದದ್ದು ಅಂದರು. ಗಡಿಯಾರ ರಿಪೇರಿಯವನ ಮುದಿ ತಾಯಿ ಮಾತ್ರ ಕೊಡಲೇ ಇಲ್ಲ.

"ಕೊಟ್ಟಿದ್ದನ್ನ ವಾಪಸ್ ಕೇಳ್ತೀಯಲ್ಲ, ನಾಚಿಕೆ ಆಗಲ್ವಾ ನಿನಗೆ?"

"ವಿಷ ಕಣಮ್ಮ ಅದು."

"ಈ ವಯಸ್ಸಲ್ಲಿ ನನಗೆ ನೆಲದ ಮೇಲೆ ಮಲಗೋದೇ ವಿಷ. ಹೋಗು."

ಹಸುಗೂಸಿದ್ದ ಮನೆಯ ಬಾಣಂತಿ ತೊಟ್ಟಿಲಿನ ಪುಟ್ಟ ಹಾಸಿಗೆಯನ್ನು ತಂದು ಗಾಡಿಯ ಮೇಲಿಟ್ಟು ಕೇಳಿದಳು, "ಅಜ್ಜಿ, ನಿಮಗೆ ಗೊತ್ತಾಗಿ ಎಷ್ಟು ದಿನ ಆಯ್ತು?"

"ವಾರ."

"ವಾರವೆಲ್ಲ ನನ್ನ ಮಗು ಇದರ ಮೇಲೇ ಮಲಗಿತ್ತಲ್ಲ ಅಜ್ಜಿ." ಅವಳು ಬೈಯಲಿಲ್ಲ. ಅಜ್ಜಿಗೆ ಬೈದಿದ್ದರೆ ಚೆನ್ನಾಗಿತ್ತು ಎನಿಸಿತು.

ಹಾಸಿಗೆಗಳನ್ನೆಲ್ಲ ದಪ್ಪ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ ಹಿತ್ತಲ ಕೊಟ್ಟಿಗೆಯಲ್ಲಿ ಬೀಗ ಹಾಕಿಟ್ಟರು. ಆರೋಗ್ಯ ಕೇಂದ್ರದವರು ಗಾಡಿ ಕಳಿಸುತ್ತೇವೆಂದರು, ಗಾಡಿ ಬರಲಿಲ್ಲ. ಕಾರ್ಖಾನೆಯವರು ಮಾತ್ರ ತಡಮಾಡದೆ ಮಗನನ್ನು ಕೆಲಸದಿಂದ ತೆಗೆದರು, ಮಾಲು ಕದ್ದನೆಂದು. ತಮ್ಮ ಬೂದಿ ಇಷ್ಟು ವರ್ಷ ಯಾರ ಯಾರ ಒಳಗೆ ಸೇರಿತೆಂದು ಕೇಳದವರಿಗೆ ಸವೆದ ಚೀಲದ ನೆನಪು ಚೆನ್ನಾಗಿತ್ತು. ಮಗ ಇಟ್ಟಿಗೆ ಹೊರುವ ಕೆಲಸಕ್ಕೆ ಸೇರಿದ. ಅಜ್ಜಿಯ ರಕ್ತದಲ್ಲಿ ಕುಲುಮೆಯಲ್ಲಿ ದುಡಿದ ಮಗನ ರಕ್ತದಲ್ಲಿರುವುದಕ್ಕಿಂತ ಹೆಚ್ಚು ಸೀಸ ಇದೆಯೆಂದು ವರದಿ ಬಂತು. ಅದನ್ನು ಕೇಳಿ ಅವಳಿಗೆ ಒಂದು ಬಗೆಯ ನೆಮ್ಮದಿಯೇ ಆಯಿತು. ತಾತ ಚಹಾದ ಬಗ್ಗೆ ದೂರುವುದನ್ನು ಬಿಟ್ಟ. ಈಗ ಚಹಾ ಮಾಡುತ್ತಿದ್ದವನು ಅವನೇ.

ಸೊಸೆ ಫೋನ್ ಮಾಡಿದ್ದು ತುಂಬ ವಾರಗಳ ಮೇಲೆ. ಗಂಡನಿಗಲ್ಲ, ಅತ್ತೆಗೆ.

"ಇಲ್ಲೂ ರಕ್ತ ಪರೀಕ್ಷೆ ಮಾಡಿಸಿದೆ. ಇಳಿಯುತ್ತೆ ಅಂದಿದ್ರು, ಇಳೀತಿಲ್ಲ. ಇಲ್ಲಿ ಹೊಗೆ ಇಲ್ಲ, ಹಾಸಿಗೆ ಇಲ್ಲ. ಇನ್ನೇನಿದೆ ಹೇಳಿ. ಇನ್ನೂ ಏನಾದ್ರೂ ಮುಚ್ಚಿಟ್ಟಿದೀರಾ?"

"ಇಲ್ಲ ಕಣೇ. ಆಣೆ ಮಾಡ್ಲಾ?"

"ಆಣೆ ಬೇಡ. ಯೋಚನೆ ಮಾಡಿ ನೋಡಿ."

ಅಜ್ಜಿ ಫೋನ್ ಇಟ್ಟು ಕೂತೇ ಇದ್ದಳು. ನಿಲ್ದಾಣದಲ್ಲಿ ಅಳದಿದ್ದ ಮಗುವಿನ ಮುಖ ಕಣ್ಣ ಮುಂದೆ ಬಂತು. ಎದ್ದು ಹೋಗಿ ಗಂಡನಿಂದ ಕೊಟ್ಟಿಗೆಯ ಬೀಗ ತೆಗೆಸಿದಳು. ಗಿಣಿಯ ಹಾಸಿಗೆಯ ಸುತ್ತು ಬಿಚ್ಚಿಸಿ ನೋಡಿದಳು. ಮೂರು ಮೂಲೆಗೆ ಕಿವಿ ಇತ್ತು. ನಾಲ್ಕನೆಯದನ್ನು ಯಾರೋ ಕತ್ತರಿಯಲ್ಲಿ ವಕ್ರವಕ್ರವಾಗಿ ಕತ್ತರಿಸಿದ್ದರು.

ಆಗಲೇ ಸೊಸೆಗೆ ಫೋನಿನಲ್ಲಿ ವಿಷಯ ತಿಳಿಸಿದಳು. "ನೀನು ಕಿತ್ಕೋಬೇಡ, ಅಮ್ಮನ ಮೇಲೆ ಮಗೂಗೆ ಮುನಿಸು ಬರೋದು ಬೇಡ. ಕೊಟ್ಟವಳು ನಾನು, ನಾನೇ ಬಂದು ಇಸ್ಕೋತೀನಿ," ಎಂದು ಹೇಳಿ ಸಿಕ್ಕಿದ ಬಸ್ಸು ಹತ್ತಿದಳು.

ತವರಿನ ಮನೆ ಚಿಕ್ಕದು. ಗಿಣಿ ಕಿಟಕಿಯ ಪಕ್ಕ ಮೇಜಿನಲ್ಲಿ ಲೆಕ್ಕ ಮಾಡುತ್ತಿದ್ದಳು. ಅಜ್ಜಿಯನ್ನು ಕಂಡು ಎದ್ದು ನಿಂತಳು, ಆದರೆ ಬಾಯಿ ತೆರೆಯಲಿಲ್ಲ. ಒಂದು ಕೆನ್ನೆ ಉಬ್ಬಿತ್ತು. ಸೊಸೆ ಅಡುಗೆಮನೆಯ ಬಾಗಿಲಲ್ಲಿ ಕೈಕಟ್ಟಿ ನಿಂತಳು. ಬನ್ನಿ ಎನ್ನಲಿಲ್ಲ, ಕೂತ್ಕೊಳ್ಳಿ ಎನ್ನಲಿಲ್ಲ.

ಅಜ್ಜಿ ಮೊಮ್ಮಗಳ ಪಕ್ಕ ನೆಲದ ಮೇಲೆ ಕೂತಳು.

"ಬಾಯಲ್ಲಿ ಏನಿದೆ ಕಂದ?"

ಗಿಣಿ ತಲೆ ಅಲ್ಲಾಡಿಸಿದಳು.

"ಅಜ್ಜಿಗೆ ಗೊತ್ತು. ಅದನ್ನ ನನಗೆ ಕೊಡು."

ಹುಡುಗಿ ಅದನ್ನು ತೆಗೆದು ಮುಷ್ಟಿಯಲ್ಲಿ ಮುಚ್ಚಿಕೊಂಡಳು. ಒದ್ದೆಯಾಗಿ, ಕಪ್ಪಗಾಗಿ, ಹುಣಸೆಬೀಜದಷ್ಟಾಗಿತ್ತು. "ಹಾಸಿಗೆ ಬಸ್ಸಿನ ಮೇಲೆ ಹೋಗುತ್ತೆ ಅಂದ್ಲು ಅಮ್ಮ. ಒಂಟಿಯಾಗಿ ಅದಕ್ಕೆ ಭಯ ಆಗುತ್ತೆ ಅಂತ ಕಿವಿ ಒಂದನ್ನ ನನ್ನ ಜೊತೆ ಇಟ್ಕೊಂಡೆ. ಬೇರೆ ಏನೂ ತಗೊಂಡಿಲ್ಲ ಅಜ್ಜಿ."

"ನೀನೇನೂ ತಪ್ಪು ಮಾಡಿಲ್ಲ. ತಪ್ಪು ಅಜ್ಜಿದು. ಅದರಲ್ಲಿ ಕೆಟ್ಟದ್ದಿದೆ. ಅದರಿಂದಾನೇ ನಿನಗೆ ಹೊಟ್ಟೆನೋವು, ಅದರಿಂದಾನೇ ಅಕ್ಷರ ಮರೆಯೋದು."

"ನೀನೇ ಕೊಟ್ಟಿದ್ದಲ್ವಾ?"

"ನಾನೇ ಕೊಟ್ಟಿದ್ದು."

"ಕೆಟ್ಟದ್ದಿದೆ ಅಂತ ನಿನಗೆ ಗೊತ್ತಿತ್ತಾ?"

ಹೊಲಿಯುವಾಗ ಗೊತ್ತಿರಲಿಲ್ಲ. ಅಷ್ಟು ಹೇಳಿ ಮುಗಿಸಬಹುದಿತ್ತು, ಸುಳ್ಳೂ ಆಗುತ್ತಿರಲಿಲ್ಲ. ಬಾಗಿಲಲ್ಲಿ ಸೊಸೆ ಕದಲದೆ ನಿಂತಿದ್ದಳು.

"ಮೊದಲು ಗೊತ್ತಿರಲಿಲ್ಲ," ಎಂದಳು ಅಜ್ಜಿ. "ಆಮೇಲೆ ಗೊತ್ತಾಯ್ತು. ಗೊತ್ತಾದ ಮೇಲೂ ಸುಮ್ಮನಿದ್ದೆ."

ಗಿಣಿ ಮುಷ್ಟಿಯನ್ನು ತುಟಿಯ ಹತ್ತಿರ ತಂದು ಕಿವಿಯಲ್ಲಿ ಏನೋ ಪಿಸುಗುಟ್ಟಿದಳು. ಅಜ್ಜಿ ಬಲಗೈ ಚಾಚಿದಳು. ಮುಂಗೈ ಜೋತುಬಿತ್ತು, ಎಡಗೈಯಿಂದ ಅದನ್ನು ಎತ್ತಿ ಹಿಡಿದುಕೊಳ್ಳಬೇಕಾಯಿತು. ಹುಡುಗಿ ಕಿವಿಯನ್ನು ಆ ಅಂಗೈಯೊಳಗೆ ಇಟ್ಟಳು. ಬೆರಳುಗಳು ಮುಚ್ಚಿಕೊಳ್ಳಲಿಲ್ಲ. ಅಜ್ಜಿ ಪ್ರಯತ್ನಿಸಿದಳು, ಆಗಲಿಲ್ಲ.

ಗಿಣಿಯೇ ಒಂದೊಂದಾಗಿ ಆ ಬೆರಳುಗಳನ್ನು ಮಡಚಿ ಮುಷ್ಟಿ ಮಾಡಿ, ಮೇಲೆ ತನ್ನ ಎರಡೂ ಕೈಯಿಂದ ಒತ್ತಿ ಹಿಡಿದಳು.

"ಬಿಗಿಯಾಗಿ ಹಿಡ್ಕೋ ಅಜ್ಜಿ," ಎಂದಳು. "ನಾನು ಅತ್ತು ಕೇಳಿದ್ರೂ ಕೊಡಬೇಡ."